ಊಟದ ಹೊತ್ತಿಗೆ ಶಾಂತವಾಗುವ ಸಮುದ್ರ

ಬಕೆಟ್ಟು ಎಡಕ್ಕೆ ಜಾರಿತು. ರೇಷ್ಮಾ ಮೊಣಕಾಲೂರಿ ಅದರ ಹಿಂದೆ ತೆವಳಿದಳು. ಅಷ್ಟರಲ್ಲಿ ಹಡಗು ಇನ್ನೊಂದು ಕಡೆಗೆ ವಾಲಿತು; ಬಕೆಟ್ಟು ಬಲಕ್ಕೆ ಬಂದು ಸಂಜುವಿನ ಕಾಲಿಗೆ ಬಡಿಯಿತು. ಕೊನೆಗೂ ಅವಳು ಅದನ್ನು ತಬ್ಬಿ ಹಿಡಿದು, ಬೆಳಗಿನ ಉಪ್ಪಿಟ್ಟನ್ನು ಅದಕ್ಕೆ ಒಪ್ಪಿಸಿದಳು.

“ಇಳಸ್ರಿ ಅಂತ ಒಂದ್ ಮಾತ ಹೇಳಿಬಿಡು, ತಂಗಿ,” ಎಂದ ಸಂಜು. “ಸುಮ್ನ ಯಾಕ ಜೀವಾ ತೇಯಾಕತ್ತಿ?”

“ನೀನ ಹೇಳು,” ಎಂದಳು ರೇಷ್ಮಾ, ಬಕೆಟ್ಟಿನೊಳಗಿಂದಲೇ.

ಆ ಒಂದು ಮಾತಿನ ಮೇಲೆ ಎಲ್ಲವೂ ನಿಂತಿತ್ತು. ಮಿಷನ್ ಹಡಗು ಬಂದರಿನಿಂದ ಬಂದರಿಗೆ ಹೋಗಿ ಪುಸ್ತಕ ಹಂಚುತ್ತದೆ, ಕಾಯಿಲೆಯವರಿಗೆ ಔಷಧ ಕೊಡುತ್ತದೆ, ಸುವಾರ್ತೆ ಸಾರುತ್ತದೆ. ಅದರ ಸೇವೆಗೆ ಈ ಸೀಮೆಯಿಂದ ಒಬ್ಬರಿಗೆ ಮಾತ್ರ ಜಾಗ. ಬಂದವರು ಇಬ್ಬರು: ಮುಧೋಳದ ಸಂಜು, ಬನಹಟ್ಟಿಯ ರೇಷ್ಮಾ. ಇಬ್ಬರಿಗೂ ಒಂದೇ ತರಬೇತಿ. ಸಂಕಟ ತಾಳಲಾರದೆ ಯಾರು ಮೊದಲು “ಇಳಿಸಿ” ಎನ್ನುತ್ತಾರೋ ಅವರು ಮನೆಗೆ. ಉಳಿದವರು ಎರಡು ವರ್ಷ ದೇಶ ದೇಶಕ್ಕೆ.

ರೇಷ್ಮಾಳಿಗೆ ಹೋಗಲೇಬೇಕಿತ್ತು. ಪವರ್‌ಲೂಮಿನ ಸದ್ದಿನಲ್ಲಿ ಹುಟ್ಟಿ, ಆ ಸದ್ದಿನಲ್ಲೇ ಬೆಳೆದವಳು. ಸಾಲಿಯ ನಕಾಶೆಯಲ್ಲಿ ನೀಲಿ ಬಣ್ಣ ಕಂಡಲ್ಲೆಲ್ಲ ಬೆರಳಿಟ್ಟು ಕನಸು ಕಂಡವಳು. ಬೇರೆ ಯಾವುದಕ್ಕೂ ಅವಳು ಇಷ್ಟು ಆಸೆಪಟ್ಟಿರಲಿಲ್ಲ. ಮೇಲಾಗಿ ಬನಹಟ್ಟಿಯ ಸಭೆಯವರು ಆಗಲೇ ಶಾಲು ಹೊದಿಸಿ, ಹಾರ ಹಾಕಿ, ಕಣ್ಣೀರು ಸುರಿಸಿ ಅವಳನ್ನು ಬೀಳ್ಕೊಟ್ಟಿದ್ದರು. ಇಷ್ಟು ಬೇಗ ವಾಪಸ್ ಹೋದರೆ ಆ ಕಣ್ಣೀರಿಗೆ ಏನು ಮರ್ಯಾದೆ ಉಳಿದೀತು?

ಕ್ಯಾಪ್ಟನ್ ದೇವದಾನಪ್ಪ ಕಟ್ಟುನಿಟ್ಟಿನ ಮನುಷ್ಯ. ಹಿಂದೆ ಅದೇ ಮಿಷನ್ ಹಡಗಿನ ಅಡಿಗೆಮನೆಯಲ್ಲಿ ಎರಡು ವರ್ಷ ಪಾತ್ರೆ ತೊಳೆದವನು. ಆದರೆ ಬಿಳಿ ಟೋಪಿ ಹಾಕಿಕೊಂಡು ನಿಂತರೆ ಆ ಮಾತು ಎತ್ತಲು ಯಾರಿಗೂ ಧೈರ್ಯ ಸಾಲದು. ಹಡಗಿನಲ್ಲಿ ಹಡಗಿನ ಮಾತನ್ನೇ ಆಡಬೇಕು, ಅಡ್ಡಮಾತು ಆಡಿದರೆ ಎಲ್ಲರ ತಟ್ಟೆ ತೊಳೆಯಬೇಕು ಎಂಬುದು ಅವನ ಕಾಯಿದೆ. ತಿರುಗಾಟ ಕಡಿಮೆ, ಪ್ರಾರ್ಥನೆ ಹೆಚ್ಚು. ಸ್ನಾನಕ್ಕೆ ತಂಬಿಗೆ ನೀರು. ಹೊರಗೆ ನೋಡಿದರೆ ತಲೆ ಸುತ್ತುತ್ತದೆಂದು ಮೂರು ಬದಿಗೆ ತಾಡಪತ್ರಿ ಕಟ್ಟಿಸಿದ್ದ. ನಾಲ್ಕನೆಯ ಬದಿಯಲ್ಲಿ ತಾನೇ ನಿಲ್ಲುತ್ತಿದ್ದ. ಎಂಥ ಬಿರುಗಾಳಿಗೂ ಅವನ ಕಾಲು ಕದಲುತ್ತಿರಲಿಲ್ಲ, ಬಸಿಯಲ್ಲಿದ್ದ ಚಹಾ ಒಂದು ಹನಿಯೂ ತುಳುಕುತ್ತಿರಲಿಲ್ಲ. ರೇಷ್ಮಾಳಿಗೆ ಅದನ್ನು ಕಂಡಾಗಲೆಲ್ಲ ಹೊಟ್ಟೆಕಿಚ್ಚಾಗುತ್ತಿತ್ತು.

ಓಕರಿಕೆಗೆ ಹಸಿ ಹುಣಸೆ ಚಿಗುರು ಜಗಿಯಬೇಕೆಂಬುದು ಅವನು ಕಲಿಸಿದ ಮೊದಲ ಪಾಠ. ಹಡಗಿನಲ್ಲಿ ಬೇರೆ ಯಾವುದಕ್ಕೆ ಕೊರತೆಯಿದ್ದರೂ ಇದಕ್ಕೆ ಇರಲಿಲ್ಲ. ಕೈ ಚಾಚಿದರೆ ಸಾಕು, ಸಿಗುತ್ತಿತ್ತು.

ದೇವರು ದೊಡ್ಡವನು, ಸಮುದ್ರ ದಿನವೂ ಊಟದ ಹೊತ್ತಿಗೆ ಶಾಂತವಾಗುತ್ತಿತ್ತು. ಊಟವಾದ ಮೇಲೆ ತುಸು ಅಡ್ಡಾಗಿ, ಆಮೇಲೆ ಮತ್ತೆ ಏಳುತ್ತಿತ್ತು. ಹೊತ್ತು ಮುಳುಗಿದರೆ ಮುಗಿಯಿತು, ಬೆಳಗಿನವರೆಗೂ ಮಿಸುಕುತ್ತಿರಲಿಲ್ಲ.

ಸಂಜುವಿಗೆ ಇದ್ಯಾವುದರ ಲೆಕ್ಕವೂ ಇರಲಿಲ್ಲ. ಒಮ್ಮೆಯೂ ವಾಂತಿ ಮಾಡಿಕೊಂಡವನಲ್ಲ. ಹಡಗು ತಲೆಕೆಳಗಾಗುವಂತಿದ್ದರೂ ಕಾಲು ಚಾಚಿ ಕೀರ್ತನೆ ಹಾಡುತ್ತಿದ್ದ. ಅವನಿಗಿದ್ದ ದೌರ್ಬಲ್ಯ ಒಂದೇ, ಬಾಯಿರುಚಿ.

ಕೊನೆಯ ದಿನ ಮಧ್ಯಾಹ್ನ, ಅಡಿಗೆಯವರಿಗೆ ಏನು ಉಮೇದಿ ಬಂದಿತ್ತೋ, ರೊಟ್ಟಿ ಪಲ್ಯದ ಜೊತೆ ಬುಟ್ಟಿ ತುಂಬ ಉಂಡಿ ಬಂದವು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೂಂದಿ ಉಂಡಿ. ರೇಷ್ಮಾ ಬುಟ್ಟಿಯ ಕಡೆ ನೋಡಲೂ ಇಲ್ಲ. ಸಂಜು ಬುಟ್ಟಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

“ಸಾಕ ಮಾಡಪಾ,” ಎಂದಳು ಅವಳು. “ಗಾಳಿ ಏಳೂ ಹೊತ್ತಾತು.”

“ಏಳಲಿ ಬಿಡು. ಉಂಡಿ ಭಾರಕ್ಕ ನಾ ಅಳ್ಳಾಡೂದಿಲ್ಲ.”

ದೇವದಾನಪ್ಪ ಟೋಪಿ ಸರಿಮಾಡಿಕೊಂಡ. “ಇದ ಕಡೀ ಬಿರುಗಾಳಿ. ತಡಕೊಂಡವರಿಗೆ ಸೀಟು,” ಎಂದು ಕೈವಸ್ತ್ರ ಬೀಸಿದ.

ಸಮುದ್ರ ಅಂದು ಸೇಡು ತೀರಿಸಿಕೊಳ್ಳುವಂತೆ ಎದ್ದಿತು. ಹಡಗು ಮೇಲಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ ಒಂದು ಗಳಿಗೆ ನಿಂತಂತಾಗಿ, ಹೊಟ್ಟೆಯನ್ನು ಅಲ್ಲೇ ಬಿಟ್ಟು ಕೆಳಗೆ ಧುಮುಕಿತು. ಹಗ್ಗಗಳು ಕಿರುಗುಟ್ಟಿದವು. ರೇಷ್ಮಾ ಬಾಯಿಗೆ ಸೆರಗು ತುರುಕಿಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು.

“ರೇಷ್ಮಾ,” ಎಂದ ಸಂಜು. ಮುಖ ಹಸಿರಾಗಿತ್ತು. “ಹೆಣಮಕ್ಕಳು ಹಾಡಿದಂಗ ಕೇಳಾಕತ್ತೈತಿ. ನಿನಗೂ ಕೇಳತೈತೇನು?”

ಅವಳು ಹೌದೆಂದು ತಲೆಯಾಡಿಸಿದಳು. ಹಾಡು ಜೋರಾದಂತೆ ಅಲೆಯೂ ಜೋರಾಯಿತು.

ಸಂಜು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ಉಂಡಿಗಳು ಒಳಗೆ ತಮ್ಮದೇ ಒಂದು ಯಾನ ಹೊರಟಿದ್ದವು. “ಇಳಸ್ರಿ,” ಎಂದ. ಗಾಳಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಲು ಅವನಿಗೆ ವ್ಯವಧಾನವಿರಲಿಲ್ಲ. ತಾಡಪತ್ರಿ ಸರಿಸಿದ. ಕಟಕಟೆ ದಾಟಿದ. ಕಣ್ಣು ಮುಚ್ಚಿ ಹಾರಿಬಿಟ್ಟ.

ರೇಷ್ಮಾಳಿಗೆ ಗೆಲ್ಲುವ ಆಸೆಯಿತ್ತು ನಿಜ, ಆದರೆ ಹೀಗಲ್ಲ. “ನಿಲ್ಲಸ್ರಿ, ಸಂಜು ಹೋದ,” ಎಂದು ಕೂಗಿದಳು.

ದೇವದಾನಪ್ಪ ಬಸಿಯಲ್ಲಿದ್ದ ಚಹಾವನ್ನು ಸುರ್ರೆಂದು ಮುಗಿಸಿದ. “ಹೋಗಲಿ ಬಿಡವಾ,” ಎಂದ. “ಒಬ್ಬರು ಹೋಗಬೇಕಾಗಿತ್ತಲ್ಲ.”

ಅಲೆ ನಿಧಾನವಾಯಿತು. ಹಾಡು ನಿಂತಿತು. ರೇಷ್ಮಾ ಕಟಕಟೆಯಾಚೆ ಬಗ್ಗಿ ನೋಡಿದಳು.

ಹುನ್ನೂರಿನ ದೊಡ್ಡ ಹುಣಸೆ ಮರದಡಿ ಸಂಜು ಅಂಗಿಯ ಮಣ್ಣು ಕೊಡವಿಕೊಂಡು ಮುಧೋಳದ ಬಸ್ಸಿಗೆ ಓಡುತ್ತಿದ್ದ; ಕೊಂಬೆಗೆ ತೂಗಿಬಿಟ್ಟಿದ್ದ ಗಾಲಿಯಿಲ್ಲದ ಚಕ್ಕಡಿಯನ್ನು ಹಗ್ಗ ಹಾಕಿ ಜಗ್ಗಿ ಜಗ್ಗಿ ಬೆವೆತಿದ್ದ ಹೆಂಗಸರಲ್ಲಿ ಹಿರಿಯಳಾದ ಬೋರವ್ವ ಅವಳಿಗೆ ಕೈ ನೀಡಿ, “ಗೆದ್ದಿ ಬಿಡವಾ, ಇಳಿ ಇನ್ನ,” ಎಂದಳು, “ನಾಳಿ ಪಂಚಮಿ, ಜೋಕಾಲಿ ನಮಗ ಬೇಕು.”