ಬಲಗೂಡಿನ ಮೊಟ್ಟೆ

ಆರು ವಾರದಿಂದ ನನ್ನ ಡೈರಿಗೆ ಮಾತ್ರ ಗೊತ್ತಿರುವ ವಿಷಯ ಇವತ್ತು ಹೊರಬಿದ್ದರೆ ಏನು ಗತಿ ಎಂದು ಹೆದರುತ್ತಲೇ ಗೌಜಲಕ್ಕಿಗಳ ಶೆಡ್ಡಿಗೆ ಹೋದೆ. ಎಡಗೂಡಿಗೆ ದಿನಕ್ಕೊಂದು ಚಮಚ ಸುಣ್ಣದಂಶದ ಪುಡಿ, ಬಲಗೂಡಿಗೆ ಬರೀ ಮೇವು. ಯಾವ ಮೊಟ್ಟೆಯ ಚಿಪ್ಪು ಗಟ್ಟಿ ಎಂದು ನೋಡುವುದೇ ನನ್ನ ಸಂಶೋಧನೆ. ನನ್ನ ಗೈಡ್ ಸರ್ ಅಳೆದು ನೋಡಿದರು. ಬಲಗೂಡಿನದೇ ಗಟ್ಟಿ!

ಅವರು ಮೇವು ಹಾಕುವ ಕಾಶವ್ವನತ್ತ ತಿರುಗಿದರು. "ಬಲಗೂಡಿಗೂ ಪುಡಿ ಹಾಕಿದ್ಯೇನು? ಖರೇ ಹೇಳು, ಇಲ್ಲಾಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

"ಹಾಕೇನ್ರೀ ಸಾಹೇಬ್ರ. ಒಂದ ಪಂಕ್ತ್ಯಾಗ ಒಬ್ರಿಗೆ ತುಪ್ಪ ಬಡಿಸಿ, ಬಾಜೂದವ್ರ ಎಲಿ ದಾಟಿ ಹ್ಯಾಂಗ ಹೋಗ್ಲಿ? ಪಿಳಿಪಿಳಿ ನೋಡ್ತಿದ್ವು ಪಾಪ. ದಿನಾ ಅವಕ್ಕೂ ಒಂದ ಚಮಚ ಹಾಕೇನಿ."

"ಒಂದ ಚಮಚ ಹಾಕಿದ್ರ ಎರಡೂ ಸಮ ಆಗಬೇಕಿತ್ತು. ಬಲಗೂಡು ಹ್ಯಾಂಗ ಮುಂದ ಹೋತು? ಸುಳ್ಳು ಹೇಳ್ತಿ. ನಡಿ ಹೊರಗ!"

ಕಾಶವ್ವ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಸರ್ ಎದುರು 'ಹೂಂ' ಬಿಟ್ಟು ಬೇರೆ ಮಾತೇ ಆಡದ ನಾನು ಬಾಯಿ ತೆರೆದೆ.

"ಸರ್, ಇನ್ನೊಂದು ಚಮಚ ನಂದ್ರೀ."