ಮೂರನೆಯ ಪ್ರಕಟಣೆ

"ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಪಾದ್ರಿ ಮದುವೆಗೆ ಮುಂಚಿನ ಪ್ರಕಟಣೆಯನ್ನು ಮೂರನೆಯ ಭಾನುವಾರವೂ ಓದಿ, ಉತ್ತರಕ್ಕೆ ಕಾಯದೆ ಹಾಳೆ ಮಡಚುತ್ತಿದ್ದಾಗ ಮದುಮಗಳೇ ಎದ್ದು ನಿಂತಳು.

ಪಕ್ಕದಲ್ಲಿದ್ದ ಅತ್ತೆ ಅವಳ ತೋಳು ಜಗ್ಗಿದರು. "ಕೂತ್ಕೊಳ್ಳೇ, ಎದ್ದು ನಿಲ್ಲೋಕೆ ಹಾಡು ಇನ್ನೂ ಶುರುವಾಗಿಲ್ಲ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಕೂರಲಿಲ್ಲ. ಮಗ ಸತ್ತ ಮೇಲೆ ಸೊಸೆಗೊಂದು ದಾರಿಯಾಗಲೆಂದು ಔಷಧಿ ಅಂಗಡಿಯವನನ್ನು ಹುಡುಕಿ ತಂದದ್ದು ಅತ್ತೆಯೇ. ಈ ಎರಡು ವರ್ಷ ಸೊಸೆ ತನ್ನ ಮುಂದೆ ಯಾರು ಯಾವ ಕಾಗದ ಇಟ್ಟರೂ ಸಹಿ ಹಾಕುತ್ತ ಬಂದಿದ್ದಳು. ಆಸ್ಪತ್ರೆಯದಕ್ಕೆ, ಸಮಾಧಿಯದಕ್ಕೆ ಹಾಕಿದ ಹಾಗೆಯೇ ಮದುವೆಯ ಅರ್ಜಿಗೂ ಹಾಕಿದ್ದಳು.

"ಏನಮ್ಮಾ?" ಪಾದ್ರಿ ಕನ್ನಡಕ ಸರಿಪಡಿಸಿಕೊಂಡರು. "ಗಂಡು ನಿಮಗೆ ಹತ್ತಿರದ ಸಂಬಂಧವಾ? ಇಲ್ಲಾ, ಬೇರೆ ಕಡೆ ಮದುವೆ ಗಿದುವೆ ಆಗಿದೆಯಾ?"

"ಇಲ್ಲ ಫಾದರ್, ಅವರು ಒಳ್ಳೆಯವರೇ. ನನಗೆ ಮದುವೆ ಬೇಡ. ಒಬ್ಬಳೇ ಇರ್ತೀನಿ."

ಮುಂದಿನ ಸಾಲಿನಿಂದ ಔಷಧಿ ಅಂಗಡಿಯವನು ತಿರುಗಿ ನೋಡಿದ.

"ಮೂರು ವಾರದಿಂದ ಓದ್ತಿದ್ದೀನಲ್ಲಮ್ಮಾ. ಮನೆಯಲ್ಲೇ ಒಂದು ಮಾತು ಹೇಳ್ಬಾರದಿತ್ತಾ?"

"ಮನೆಯಲ್ಲಿ ಯಾರೂ ಕೇಳ್ಲಿಲ್ಲ," ಎಂದಳು ಅವಳು. "ಕೇಳಿದ್ದು ನೀವೊಬ್ಬರೇ."