ಒಂದು ಸಾಲಿನ ಒಡೆಯ

ಒಣಗಿಸುವ ಯಂತ್ರದೊಳಗಿಂದ ಓರ್ಯನ್ ಬಿಸಿಬಿಸಿ ಹೊದಿಕೆಗಳನ್ನು ಎಳೆದು ಹಾಕುತ್ತಿದ್ದ. ಕಿವಿಯೊಳಗೆ ಮಾರಿತ್ ಬೈಯುತ್ತಿದ್ದಳು. ಅವಳು ಉತ್ತರದ ಲೂಲಿಯೊದಲ್ಲಿ, ಇವನು ನೊರ್‌ಶೋಪಿಂಗಿನ ಈ ಕಟ್ಟಡದವರೆಲ್ಲ ಸರದಿಯ ಮೇಲೆ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ. ನಡುವೆ ಅರ್ಧ ಸ್ವೀಡನ್. ಬೈಗುಳ ಬರುತ್ತಿದ್ದದ್ದು ‘ವಿಸ್ಕ’ ಎಂಬ ಮಾತಿನ ಆ್ಯಪ್‌ನಲ್ಲಿ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ ಕಳಿಸಬಹುದು. ಸಂಬಳವಿಲ್ಲದೆ ಅದನ್ನು ಸಾಕುತ್ತಿದ್ದವರು ಇವರಿಬ್ಬರು.

“ಸೋಮವಾರ ಫೋನಿನ ಆ್ಯಪ್ ಅಂಗಡಿಯಿಂದ ನಮ್ಮನ್ನ ಎತ್ತಿ ಬಿಸಾಕ್ತಾರೆ ಕಣೋ. ಆಮೇಲೆ ಹೊಸ ಫೋನ್ ತಗೊಂಡವರಿಗೆ ವಿಸ್ಕ ಇಲ್ಲ. ಕಣ್ಣು ಕಾಣದ ನಾವೆಲ್ಲ ಚದುರಂಗ ಆಡೋದು ಅದರಲ್ಲೇ. ಕಾಯಿ ಎಲ್ಲಿಟ್ಟೆ ಅಂತ ಕಾಗೆ ಕೈಲಿ ಹೇಳಿ ಕಳಿಸ್ಲಾ?”

“ನಾನೇನು ಸುಮ್ನೆ ಕೂತಿದೀನಾ?”

ಸುಮ್ಮನೆ ಕೂತಿರಲಿಲ್ಲ, ನಿಜ. ಅಂಗಡಿಯವರು ನಿಯಮ ಬದಲಿಸಿದ್ದರು. ಅದಕ್ಕೆ ತಕ್ಕಂತೆ ವಿಸ್ಕದ ಪರವಾನಗಿ ಬದಲಾಗಬೇಕಿತ್ತು. ಬದಲಾಗಬೇಕಾದರೆ, ಆ್ಯಪ್‌ನ ಕೋಡ್‌ನಲ್ಲಿ ಒಂದೇ ಒಂದು ಸಾಲು ಬರೆದವರೂ ಒಪ್ಪಿ ಸಹಿ ಹಾಕಬೇಕು. ಓರ್ಯನ್ ಎಲ್ಲರನ್ನೂ ಹುಡುಕಿದ್ದ. ದೀಪಸ್ತಂಭ ಕಾಯುತ್ತಿದ್ದವನೊಬ್ಬ ದೋಣಿ ಹತ್ತಿ ಬಂದು ಸಹಿ ಹಾಕಿದ್ದ. ಜೈಲಿನಲ್ಲಿದ್ದವನೊಬ್ಬ ಪಾದ್ರಿಯ ಕೈಯಲ್ಲಿ ಕಳಿಸಿದ್ದ. ಉಳಿದವನು ಒಬ್ಬನೇ. ಹೆಸರಿಲ್ಲ, ಊರಿಲ್ಲ, ಒಂದು ಮಿಂಚಂಚೆ ವಿಳಾಸ, ‘ಮುಳ್ಳುಹಂದಿ’ ಎಂಬ ಅಡ್ಡಹೆಸರು, ಅಷ್ಟೆ. ಅವನಿಗೆ ಗಡ್ಡವಿರಬೇಕೆಂದೂ ಅವನು ಜರ್ಮನಿಯವನೇ ಇರಬೇಕೆಂದೂ ಓರ್ಯನ್ ತೀರ್ಮಾನಿಸಿಬಿಟ್ಟಿದ್ದ.

ಮುಳ್ಳುಹಂದಿ ಬರೆದದ್ದು ಒಂದೇ ಸಾಲು. ಒಬ್ಬರ ಮಾತು ಮುಗಿದ ಮೇಲೆ ಒಳಗುಳಿದ ದನಿಯ ಚೂರುಗಳನ್ನು ಗುಡಿಸಿ ಹಾಕುವುದು ಅದರ ಕೆಲಸ. ಒಮ್ಮೆ ಆ ಸಾಲನ್ನು ಕಿತ್ತು ನೋಡಿದ್ದರು. ಯಾರೋ ಅತ್ತೆಯ ಸಾವಿನ ಸುದ್ದಿ ತಿಳಿಸಲು ಕರೆ ಮಾಡಿದರೆ, ಮೊದಲು ಕೇಳಿಸಿದ್ದು ಹಿಂದೆ ಮಾತಾಡಿದ್ದವರ “ಸಾಸಿವೆ ಜಾಸ್ತಿ ಹಾಕು!” ಬೇರೆ ಥರ ಬರೆಯೋಣವೆಂದರೆ, ಯಾರು ಹೇಗೆ ಬರೆದರೂ ಕೊನೆಗೆ ಅದೇ ಸಾಲೇ ಹುಟ್ಟುತ್ತಿತ್ತು.

“ಆ ಸಾಲಿನ ಜೊತೆ ಅವನು ಏನಂತ ಬರೆದಿದ್ದ, ನೆನಪಿದೆಯಾ?” ಎಂದಳು ಮಾರಿತ್. “‘ಹಿಂದಿನವರು ಬಿಟ್ಟುಹೋದದ್ದು ಮುಂದಿನವರ ಪಾಲಿಗೆ ಬರಬಾರದು. ಮುಂಗಡ ಧನ್ಯವಾದಗಳು.’ ಎಷ್ಟು ಮರ್ಯಾದೆಯಾಗಿ ಹೇಳಿದ್ದ! ನೀನು ಕೊಟ್ಟ ಉತ್ತರ ಏನು? ‘ಪೊರಕೆ ಹಿಡಿಯೋರು ಬೇರೆ ಮನೆ ನೋಡ್ಕೊಳ್ಳಿ.’ ಅಂದುಬಿಟ್ಟು, ಅವನ ಸಾಲು ಮಾತ್ರ ಬಾಚಿಕೊಂಡೆ.”

ಓರ್ಯನ್ ಇನ್ನೊಂದು ಹೊದಿಕೆ ಎಳೆದ. ಎದುರಿನ ಗೋಡೆಯ ಮೇಲೆ ಹಸಿರು ಶಾಯಿಯ ಹೊಸ ಚೀಟಿಯೊಂದಿತ್ತು: “ಒಗೆದು ಹೋಗುವವರೇ, ನಿಮ್ಮ ಹಿಂದೆ ಇನ್ನೊಬ್ಬರು ಬರುತ್ತಾರೆ. ಯಂತ್ರದ ಜಾಲರಿಯಲ್ಲಿ ಕೂತ ಜುಂಗು ತೆಗೆಯಿರಿ. ಮುಂಗಡ ಧನ್ಯವಾದಗಳು!” ಕೆಳಗೆ ಹೆಸರಿಲ್ಲ. ಈ ಕಟ್ಟಡದಲ್ಲಿ ಬಾಯಿಬಿಟ್ಟು ಹೇಳಿದರೆ ಜಗಳ, ಗೋಡೆಗೆ ಅಂಟಿಸಿದರೆ ಶಿಷ್ಟಾಚಾರ. ಪಕ್ಕದಲ್ಲೇ ಓರ್ಯನ್ನನದೇ ಹಳೆಯ ಕಾಗದವೊಂದು ಹಳದಿಗಟ್ಟಿತ್ತು: “ನೆರೆಯವರೇ, ವಿಸ್ಕ ಬಳಸಿ ನೋಡಿ, ತಪ್ಪು ಕಂಡರೆ ತಿಳಿಸಿ.” ಆ್ಯಪ್ ಇನ್ನೂ ಕೂಸಾಗಿದ್ದಾಗ ಅಂಟಿಸಿದ್ದು. ಕಟ್ಟಡದವರು ಯಾರೂ ಅದರ ಬಗ್ಗೆ ಅವನೆದುರು ತುಟಿ ಎರಡು ಮಾಡಿರಲಿಲ್ಲ.

ಬಾಗಿಲು ತೆರೆಯಿತು. ನಾಲ್ಕನೇ ಮಹಡಿಯ ಉಲ್ಲಾ-ಬ್ರಿತ್, ಟ್ರಾಮ್ ಓಡಿಸುವವಳು, ಕೊಳೆ ಬಟ್ಟೆಯ ಬುಟ್ಟಿ ಹೊತ್ತು ಬಂದಳು.

“ನಿಮ್ಮ ಸಮಯ ಮುಗೀತು.”

“ಎರಡೇ ನಿಮಿಷ.”

“ಎರಡೇ ನಿಮಿಷ ಅಂತ ನಾನು ಟ್ರಾಮ್ ನಿಲ್ಲಿಸಿದ್ರೆ ಊರೇ ಉಗಿಯುತ್ತೆ.” ಅವಳು ಬೆಂಚಿನ ಮೇಲೆ ಕುಳಿತಳು. ಕಣ್ಣು ನೆಟ್ಟದ್ದು ಜಾಲರಿಯ ಮೇಲೆ. ಅಲ್ಲಿ ಬೂದು ಬಣ್ಣದ ಜುಂಗು ಬೆಕ್ಕಿನ ಮರಿಯಂತೆ ಮುದುಡಿ ಕೂತಿತ್ತು. ಓರ್ಯನ್ ಅದನ್ನು ಬೆನ್ನಿನಿಂದ ಮರೆಮಾಡಿ ನಿಂತ.

“ಒಂದು ಸಲ ತಪ್ಪಾಯ್ತು ಅನ್ನೋ,” ಎಂದಳು ಕಿವಿಯೊಳಗಿನ ಮಾರಿತ್. “ನೀನು ಕಳಿಸಿದ್ದೆಲ್ಲ ಅಮೀನನ ನೋಟಿಸು. ಯಾರು ಉತ್ತರ ಕೊಡ್ತಾರೆ?”

“ನಾನ್ಯಾಕೆ ಕ್ಷಮೆ ಕೇಳ್ಲಿ? ಆ ಮುಳ್ಳುಹಂದಿಗೆ ಸೊಕ್ಕು!” ಓರ್ಯನ್ ಕೂಗಿಯೇಬಿಟ್ಟ.

ಉಲ್ಲಾ-ಬ್ರಿತ್ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. “ಕೇಳೋ ಹಾಗಿದ್ರೆ ಬೇಗ ಕೇಳಿ. ಕಾಯ್ತಾ ಇರೋರು ಇದ್ದಾರೆ.”

“ಯಾರದು?” ಎಂದಳು ಮಾರಿತ್.

“ಪಕ್ಕದವರು. ಬಟ್ಟೆ ಒಗೆಯೋಕೆ.”

ಆಮೇಲೆ ಮಾರಿತ್ ಮೆಲ್ಲಗೆ ಅಂದಳು: “ನಿನ್ನೆ ಚದುರಂಗದಲ್ಲಿ ಮಂತ್ರಿಯನ್ನ ಕಳ್ಕೊಂಡೆ ಕಣೋ. ಆದ್ರೂ ಆ ಕಡೆಯವನು ನಕ್ಕಿದ್ದು ಕೇಳಿಸ್ತು. ಅದಾದ್ರೂ ಇರ್ಲಿ ನನಗೆ.”

ಓರ್ಯನ್ ಹೊದಿಕೆಗಳ ಮೇಲೆಯೇ ಕುಳಿತ. ಫೋನಿನಲ್ಲಿ ಅರ್ಧ ಬರೆದು ಬಿಟ್ಟಿದ್ದ ಕಾಗದವೊಂದು ಎಂದಿನಿಂದಲೋ ಕೊಳೆಯುತ್ತಿತ್ತು. ಹೊರತೆಗೆದ. “ಕ್ಷಮಿಸಿ, ಆದರೆ” ಎಂದು ಶುರುವಾಗುವ ಕಾಗದ. ‘ಆದರೆ’ಯ ನಂತರದ ಪುಟವನ್ನು ಅಳಿಸಿದ. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು, ‘ಆದರೆ’ಯನ್ನೂ ಅಳಿಸಿದ. ಉಳಿದದ್ದರ ಮುಂದೆ ಬರೆದ: “ನೀವು ಹೇಳಿದ್ದು ಸರಿ. ಗುಡಿಸಬೇಕಾಗಿದ್ದವನು ನಾನು. ನಿಮಗೆ ಮನಸ್ಸಾದರೆ ಸಹಿ ಹಾಕಿ. ಓರ್ಯನ್.”

ಕಣ್ಣು ಮುಚ್ಚಿ ಒತ್ತಿದ. ಕಾಗದ ಹೋಯಿತು.

ಕೊಳೆ ಬಟ್ಟೆಯ ಬುಟ್ಟಿಯೊಳಗೆ ಏನೋ ಟಿಣ್ ಎಂದಿತು.

ಉಲ್ಲಾ-ಬ್ರಿತ್ ದಿಂಬಿನ ಚೀಲಗಳ ಅಡಿಯಿಂದ ಫೋನ್ ತೆಗೆದಳು. ಕನ್ನಡಕ ಏರಿಸಿ ನಿಧಾನವಾಗಿ ಕೊನೆಯವರೆಗೂ ಓದಿದಳು, ಮತ್ತೊಮ್ಮೆ ಓದಿದಳು, ಫೋನನ್ನು ಬುಟ್ಟಿಗೆ ಹಾಕಿದಳು.

“ಮೊದಲು ಜಾಲರಿ,” ಎಂದಳು. “ಸಹಿ ಆಮೇಲೆ.”